ಆ ತಾಯಿಯ ಮುಖದಲ್ಲಿ ಸೂತಕದ ಕಳೆ ಇರಲಿಲ್ಲ

ಹಳೆಯ ಚೀನಾದ ಇತಿಹಾಸ ಓದುವಾಗ ಎರಡು ಸಾಲು ಸಿಕ್ಕವು. ಅವು ನನ್ನನ್ನು ಇನ್ನೂ ಬಿಟ್ಟಿಲ್ಲ. ಚಕ್ರವರ್ತಿ ಒಬ್ಬ ದಳಪತಿಯ ತಾಯಿಯನ್ನೂ ಹೆಂಡತಿಯನ್ನೂ ಕರೆಸುತ್ತಾನೆ. ಮುಖಲಕ್ಷಣ ನೋಡಿ ಹೇಳುವವನ ಕೈಲಿ ಅವರಿಬ್ಬರ ಮುಖ ನೋಡಿಸುತ್ತಾನೆ. ಮುಖದಲ್ಲಿ ಸಾವಿನ ಸೂತಕದ ಕಳೆ ಇರಲಿಲ್ಲ. ಅಷ್ಟೇ. ಮುಂದಿನ ಸಾಲಿಗೆ ಇತಿಹಾಸಕಾರ ಬೇರೆ ವಿಷಯಕ್ಕೆ ಹೋಗಿಬಿಡುತ್ತಾನೆ. ನನಗೆ ಮಾತ್ರ ಅಲ್ಲಿಂದ ಮುಂದೆ ಹೋಗಲು ಆಗಲಿಲ್ಲ.

ಇದು ಕ್ರಿ.ಪೂ. 99ರ ಮಾತು. ಹಾನ್ ಸಾಮ್ರಾಜ್ಯದ ರಾಜಧಾನಿ ಚಾಂಗಾನ್. ದಳಪತಿಯ ಹೆಸರು ಲೀ ಲಿಂಗ್. 5,000 ಕಾಲಾಳುಗಳನ್ನು ಕಟ್ಟಿಕೊಂಡು ಉತ್ತರದ ಹುಲ್ಲುಗಾವಲಿಗೆ, ಶಿಯೋಂಗ್‌ನು ಅನ್ನುವ ಕುದುರೆ ಸವಾರರ ನಾಡಿಗೆ ಹೋದವನು ವಾಪಸ್ ಬಂದಿಲ್ಲ. ಸತ್ತನೋ, ಸೆರೆ ಸಿಕ್ಕನೋ ಸರಿಯಾಗಿ ಗೊತ್ತಿಲ್ಲ. ಇಂಥ ಹೊತ್ತಲ್ಲಿ ಯಾವ ತಾಯಿಯಾದರೂ ಏನು ಬೇಡಿಕೊಳ್ಳುತ್ತಾಳೆ? ಎಲ್ಲಾದರೂ ಇರಲಿ, ಜೀವ ಒಂದಿರಲಿ ಅಂತ. ಆದರೆ ಚಕ್ರವರ್ತಿ ವು ಬಯಸಿದ್ದು ಅವನು ಕಾದಾಡಿ ಸತ್ತಿರಲಿ ಅಂತ. ಇದು ನನ್ನ ಊಹೆಯಲ್ಲ, ಇತಿಹಾಸಕಾರ ಬಾನ್ ಗೂ ಮುಚ್ಚುಮರೆ ಇಲ್ಲದೆ ಹಾಗೇ ಬರೆದಿದ್ದಾನೆ. ಅವಳ ಮುಖದಲ್ಲಿ ಅವರು ಹುಡುಕುತ್ತಿದ್ದದ್ದು ಮಗನ ಸಾವನ್ನು. ಅದು ಕಾಣಲಿಲ್ಲ. ಆ ಮಾತು ಕಿವಿಗೆ ಬಿದ್ದಿದ್ದರೆ ಅವಳ ಎದೆಯ ಭಾರ ಒಂದು ಗಳಿಗೆ ಇಳಿದಿರುತ್ತದೆ. ಆ ಮನೆಗೆ ಕೇಡು ಶುರುವಾದದ್ದೂ ಅಲ್ಲಿಂದಲೇ. ಸತ್ತಿಲ್ಲ ಅಂದಮೇಲೆ ಶರಣಾಗಿದ್ದಾನೆ. ಆಮೇಲೆ ಸುದ್ದಿಯೂ ಹಾಗೇ ಬಂತು.

ಲೀ ಲಿಂಗ್ ದ್ರೋಹಿಯೋ ಅಲ್ಲವೋ ಅಂತ ಚೀನಾದಲ್ಲಿ ಎರಡು ಸಾವಿರ ವರ್ಷದಿಂದ ವಾದ ನಡೆದಿದೆ. ನನಗೆ ಆ ವಾದಕ್ಕಿಂತ ಆ ತಾಯಿಯ ವಿಷಯ ಜಾಸ್ತಿ ಕಾಡುತ್ತದೆ. ಅವಳ ಹೆಸರನ್ನು ಯಾರೂ ಬರೆದಿಟ್ಟಿಲ್ಲ. ಆದರೆ ಆ ಮನೆಯ ಮೂರು ತಲೆಮಾರಿನ ಗಂಡಸರ ಸೋಲು, ಸಾವು, ಅವಮಾನ ಎಲ್ಲವೂ ಅವಳ ಒಂದೇ ಆಯುಷ್ಯದಲ್ಲಿ ಬಂದು ಹೋದವು.

ಅವಳು ಸೊಸೆಯಾಗಿ ಬಂದ ಮನೆ

ಅದು ಲೋಂಗ್‌ಶಿ ಸೀಮೆಯ ಲೀ ಮನೆತನ. ಇವತ್ತಿನ ಗಾನ್ಸು ಪ್ರಾಂತ್ಯದ ಕಡೆಯವರು. ಹಾನ್ ದೊರೆಗಳು ಬರುವ ಮೊದಲೇ, ಚಿನ್ ರಾಜ್ಯದ ಕಾಲದಲ್ಲೇ ಅವರ ಪೂರ್ವಿಕ ಲೀ ಶಿನ್ ದಳಪತಿಯಾಗಿದ್ದ. ಬಿಲ್ವಿದ್ಯೆ ಅಪ್ಪನಿಂದ ಮಗನಿಗೆ ಬರುವ ಮನೆ. ಅವಳ ಮಾವ ಲೀ ಗ್ವಾಂಗ್. ಕ್ರಿ.ಪೂ. 166ರಲ್ಲಿ ಹುಡುಗನಾಗಿ ಸೈನ್ಯ ಸೇರಿದವನು ಸಾಯುವವರೆಗೂ ಗಡಿಯಲ್ಲೇ ಇದ್ದ. ಶಿಯೋಂಗ್‌ನುಗಳೇ ಅವನಿಗೆ ಹಾರಿ ಬರುವ ದಳಪತಿ ಅಂತ ಹೆಸರಿಟ್ಟಿದ್ದರು.

ಅವನ ಬಗ್ಗೆ ಹೇಳುವ ಕಥೆಗಳಲ್ಲಿ ಹುಲಿ ಅಂದುಕೊಂಡು ಬಂಡೆಗೆ ಬಾಣ ಹೊಡೆದು ಬಂಡೆಯೊಳಗೇ ಬಾಣ ನೆಟ್ಟದ್ದು ಎಲ್ಲರಿಗೂ ಇಷ್ಟ. ನನಗೆ ಇಷ್ಟವಾದದ್ದು ನೀರಿನ ಮಾತು. ಬರಡು ನೆಲದಲ್ಲಿ ನೀರು ಸಿಕ್ಕರೆ ಕೊನೆಯ ಸಿಪಾಯಿ ಕುಡಿಯುವವರೆಗೆ ಅವನು ನೀರಿನ ಹತ್ತಿರ ಹೋಗುತ್ತಿರಲಿಲ್ಲವಂತೆ. ಊಟವೂ ಹಾಗೇ. ನಲವತ್ತಕ್ಕೂ ಹೆಚ್ಚು ವರ್ಷ ದೊಡ್ಡ ಸಂಬಳದ ಹುದ್ದೆಯಲ್ಲಿದ್ದೂ ಮನೆಯಲ್ಲಿ ಉಳಿತಾಯ ಅಂತ ಏನೂ ಇರಲಿಲ್ಲ, ಬಂದ ಇನಾಮನ್ನೆಲ್ಲ ಕೈಕೆಳಗಿನವರಿಗೆ ಹಂಚಿಬಿಡುತ್ತಿದ್ದ.

ಅವನನ್ನು ದೇವರು ಮಾಡಬೇಕಾಗಿಲ್ಲ. ಶರಣಾಗಿ ಬಂದ 800ಕ್ಕೂ ಹೆಚ್ಚು ಚಿಯಾಂಗ್ ಬುಡಕಟ್ಟಿನ ಜನರನ್ನು ಮೋಸದಿಂದ ಒಂದೇ ದಿನ ಕೊಲ್ಲಿಸಿದ್ದನ್ನು ಅವನೇ ಒಪ್ಪಿಕೊಂಡಿದ್ದಾನೆ. ಬೇರೆಯವರಿಗೆಲ್ಲ ಸಾಮಂತ ಪದವಿ ಸಿಕ್ಕಿತು, ನನಗೆ ಯಾಕೆ ಸಿಗಲಿಲ್ಲ ಅಂತ ಜ್ಯೋತಿಷಿಯ ಹತ್ತಿರ ಕೇಳಿದಾಗ, ನಿನ್ನ ಮನಸ್ಸನ್ನು ಕೊರೆಯುವ ತಪ್ಪು ಏನಾದರೂ ಇದೆಯಾ ಅಂತ ಅವನು ತಿರುಗಿ ಕೇಳಿದನಂತೆ. ಆಗ ಬಾಯಿಬಿಟ್ಟದ್ದು ಇದನ್ನು.

ಕ್ರಿ.ಪೂ. 129ರಲ್ಲಿ ಲೀ ಗ್ವಾಂಗ್ ಸೆರೆ ಸಿಕ್ಕಿದ್ದ. ಗಾಯಗೊಂಡವನನ್ನು ಎರಡು ಕುದುರೆಗಳ ನಡುವೆ ಬಲೆ ಕಟ್ಟಿ ಮಲಗಿಸಿ ಒಯ್ಯುತ್ತಿದ್ದರು. ಸತ್ತವನ ಹಾಗೆ ಬಿದ್ದಿದ್ದು, ಪಕ್ಕದಲ್ಲಿ ಬರುತ್ತಿದ್ದ ಹುಡುಗನ ಒಳ್ಳೆಯ ಕುದುರೆಗೆ ಹಾರಿ, ಬಿಲ್ಲು ಕಿತ್ತುಕೊಂಡು ತಪ್ಪಿಸಿಕೊಂಡು ಬಂದ. ಬಂದವನಿಗೆ ರಾಜಧಾನಿಯಲ್ಲಿ ಕಾದದ್ದು ಮರಣದಂಡನೆ. ಜನರನ್ನು ಕಳೆದುಕೊಂಡೆ, ಜೀವಂತ ಸೆರೆ ಸಿಕ್ಕೆ ಅಂತ. ಹಣ ಕಟ್ಟಿ ತಲೆ ಉಳಿಸಿಕೊಂಡು ಸಾಮಾನ್ಯ ಪ್ರಜೆಯಾಗಿ ಮನೆಗೆ ಬಂದ. ಕೆಲವು ವರ್ಷದ ಮೇಲೆ ಗಡಿಯಲ್ಲಿ ತೊಂದರೆಯಾದಾಗ ಅದೇ ಚಕ್ರವರ್ತಿ ಮತ್ತೆ ಕರೆದ. ಇದನ್ನು ನೆನಪಿಟ್ಟುಕೊಳ್ಳಿ, ಮೊಮ್ಮಗನ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಕ್ರಿ.ಪೂ. 119ರಲ್ಲಿ ದೊಡ್ಡ ದಂಡಯಾತ್ರೆ. ಅರವತ್ತು ದಾಟಿದ್ದ ಲೀ ಗ್ವಾಂಗ್ ಹಠ ಹಿಡಿದು ಹೊರಟ. ಅವನಿಗೆ ವಯಸ್ಸಾಗಿದೆ, ಅದೃಷ್ಟ ಸರಿಯಿಲ್ಲ, ಶಿಯೋಂಗ್‌ನುಗಳ ಒಡೆಯ ಚಾನ್‌ಯುವಿನ ಎದುರಿಗೆ ಬಿಡಬೇಡ ಅಂತ ಚಕ್ರವರ್ತಿ ಮಹಾದಳಪತಿ ವೇ ಚಿಂಗ್‌ಗೆ ಗುಟ್ಟಾಗಿ ಹೇಳಿದ್ದ. ವೇ ಚಿಂಗ್ ಅವನನ್ನು ಪೂರ್ವದ ಸುತ್ತುದಾರಿಗೆ ಕಳಿಸಿದ. ಮಾರ್ಗದರ್ಶಿ ಇಲ್ಲದೆ ದಾರಿ ತಪ್ಪಿತು. ಯುದ್ಧ ಮುಗಿದ ಮೇಲೆ ಬಂದು ಸೇರಿದ. ಲೆಕ್ಕ ಕೇಳಲು ಗುಮಾಸ್ತರು ಬಂದರು. ಕೈಕೆಳಗಿನ ಅಧಿಕಾರಿಗಳದ್ದು ಏನೂ ತಪ್ಪಿಲ್ಲ, ದಾರಿ ತಪ್ಪಿದ್ದು ನಾನು ಅಂದ. ತಲೆಗೂದಲು ಕಟ್ಟಲು ಕಲಿತಂದಿನಿಂದ ಎಪ್ಪತ್ತಕ್ಕೂ ಮೀರಿ ಕಾಳಗ ಮಾಡಿದ್ದೇನೆ, ಈ ವಯಸ್ಸಲ್ಲಿ ಗುಮಾಸ್ತರ ಮುಂದೆ ನಿಂತು ಉತ್ತರ ಕೊಡಲಾರೆ ಅಂದು ಕತ್ತಿಯಿಂದ ತನ್ನ ಕುತ್ತಿಗೆ ಕೊಯ್ದುಕೊಂಡ. ಸೈನ್ಯಕ್ಕೆ ಸೈನ್ಯವೇ ಅತ್ತಿತು. ಅವನನ್ನು ಕಂಡೇ ಇರದ ಊರ ಜನ, ಮುದುಕರು, ಹುಡುಗರು ಅತ್ತರು ಅಂತ ಅದೇ ಚಕ್ರವರ್ತಿಯ ಆಸ್ಥಾನದಲ್ಲಿದ್ದ ಇತಿಹಾಸಕಾರ ಸೀಮಾ ಚಿಯಾನ್ ಬರೆಯುತ್ತಾನೆ.

ಸೊಸೆಯ ಗಂಡ, ಲೀ ಗ್ವಾಂಗ್‌ನ ಹಿರಿಮಗ ದಾಂಗ್‌ಹು, ಅಪ್ಪನಿಗಿಂತ ಮೊದಲೇ ತೀರಿಕೊಂಡಿದ್ದ. ಅವನು ಹೋದಾಗ ಅವಳು ಬಸುರಿ. ಅಪ್ಪನ ಮುಖ ನೋಡದೆ ಹುಟ್ಟಿದ ಆ ಮಗುವೇ ಲೀ ಲಿಂಗ್.

ಜಿಂಕೆಯ ಕೊಂಬು

ಮಾವ ಹೋದ ಮೇಲೆ ಮನೆಗೆ ಆಸರೆ ಕಿರಿಯ ಮೈದುನ ಲೀ ಗಾನ್. ಒಳ್ಳೆಯ ಯೋಧ, ಅಪ್ಪನಿಗೆ ಸಿಗದ ಪದವಿ ಅವನಿಗೆ ಸಿಕ್ಕಿತ್ತು. ಅಪ್ಪನ ಸಾವಿಗೆ ವೇ ಚಿಂಗ್ ಕಾರಣ ಅನ್ನುವ ಸಂಕಟ ಅವನಿಗೆ ತಡೆಯಲಾಗಲಿಲ್ಲ. ಹೋಗಿ ವೇ ಚಿಂಗ್‌ಗೆ ಹೊಡೆದೇಬಿಟ್ಟ. ವೇ ಚಿಂಗ್ ಅದನ್ನು ಯಾರಿಗೂ ಹೇಳಲಿಲ್ಲ. ಅದು ಅವನ ದೊಡ್ಡತನ, ಒಪ್ಪಬೇಕು. ಆದರೆ ಅವನ ಅಕ್ಕನ ಮಗ, ಚಕ್ರವರ್ತಿಯ ಕಣ್ಮಣಿ ಹುವೋ ಚೂಬಿಂಗ್ ಬಿಡಲಿಲ್ಲ. ಗಾನ್‌ಚುವಾನ್ ಅರಮನೆಯ ಹತ್ತಿರ ಬೇಟೆಯಾಡುವಾಗ ಲೀ ಗಾನ್‌ಗೆ ಬಾಣ ಹೊಡೆದು ಕೊಂದ. ಚಕ್ರವರ್ತಿಗೆ ಹುವೋ ಚೂಬಿಂಗ್ ಬೇಕಾದವನು. ಹಾಗಾಗಿ ಜಿಂಕೆ ಹಾಯ್ದು ಸತ್ತ ಅಂತ ಹೇಳಿಸಿದ.

ಇಲ್ಲಿ ನಾನು ತುಂಬ ಹೊತ್ತು ನಿಂತೆ. ಶವ ಮನೆಗೆ ಬಂದಿರುತ್ತದೆ. ತಲೆತಲಾಂತರದಿಂದ ಬಿಲ್ಲು ಹಿಡಿದ ಮನೆ ಅದು. ಬಾಣದ ಗಾಯ ಯಾವುದು, ಕೊಂಬಿನ ಗಾಯ ಯಾವುದು ಅಂತ ಆ ಮನೆಯವರಿಗೆ ಹೇಳಿಕೊಡಬೇಕಾ? ಆದರೂ ಬಂದವರ ಎದುರು ಜಿಂಕೆ ಅಂತಲೇ ಹೇಳಬೇಕು, ಜಿಂಕೆ ಅಂತಲೇ ಅಳಬೇಕು. ದುಃಖ ಪಡುವುದಕ್ಕೂ ಅರಮನೆ ಒಪ್ಪಿದ ಕಾರಣವೇ ಇರಬೇಕಾದ ಸ್ಥಿತಿ ಅದು. ನನಗೆ ಮಾವನ ಸಾವಿಗಿಂತ ಇದು ಹೆಚ್ಚು ಕ್ರೂರ ಅನ್ನಿಸುತ್ತದೆ. ಮಾವನಿಗಾಗಿ ಊರೆಲ್ಲ ಬಾಯಿಬಿಟ್ಟು ಅತ್ತಿತ್ತಲ್ಲ.

ಇಷ್ಟೆಲ್ಲ ಆದಮೇಲೂ ಆ ಮನೆ ಹುಡುಗನನ್ನು ಸೈನ್ಯಕ್ಕೇ ಕಳಿಸಿತು. ಬೇರೆ ದಾರಿ ಅವರಿಗೆ ಹೊಳೆದಿರಲೂ ಇಲ್ಲ ಅನ್ನಿಸುತ್ತದೆ. ನಮ್ಮ ಹಳೆಯ ಕವಿಗಳು ಜೋಳದ ಪಾಳಿ ಅನ್ನುತ್ತಾರಲ್ಲ, ಉಂಡ ಅನ್ನದ ಋಣ, ಅದು ಆ ಮನೆಯಲ್ಲಿ ತೊಟ್ಟಿಲಿಂದಲೇ ಶುರು.

ಒಂದು ಹೋಳು ಮಂಜುಗಡ್ಡೆ

ಲೀ ಲಿಂಗ್‌ಗೆ ಚಕ್ರವರ್ತಿ ಮೊದಲು ಹೇಳಿದ್ದು ಸಾಮಾನು ಸಾಗಿಸುವ ಕೆಲಸ. ಲೀ ಗ್ವಾಂಗ್‌ಲಿ ಅನ್ನುವ ದಳಪತಿ 30,000 ಸವಾರರ ಜೊತೆ ಹೊರಟಿದ್ದ. ಅಡ್ಡಹೆಸರು ಒಂದೇ ಆದರೂ ಇವರಿಗೆ ಸಂಬಂಧವಿಲ್ಲ, ಅವನು ಚಕ್ರವರ್ತಿಯ ಪ್ರೀತಿಯ ರಾಣಿಯೊಬ್ಬಳ ಅಣ್ಣ. ಅವನ ಹಿಂದೆ ಗಾಡಿ ಹೊಡೆಸಲು ಲೀ ಲಿಂಗ್‌ಗೆ ಮನಸ್ಸಾಗಲಿಲ್ಲ. ನನ್ನ ಜನರನ್ನೇ ಕರೆದುಕೊಂಡು ಬೇರೆಯಾಗಿ ಹೋಗುತ್ತೇನೆ ಅಂದ. ಕೊಡಲು ಕುದುರೆ ಇಲ್ಲ ಅಂದ ಚಕ್ರವರ್ತಿ. ಕುದುರೆ ಬೇಡ, 5,000 ಕಾಲಾಳು ಸಾಕು ಅಂದ ಇವನು. ಮೂವತ್ತರ ಆಸುಪಾಸಿನ ಹುಡುಗನ ಬಿಸಿ ರಕ್ತ ಅಂತ ಅನ್ನಿಸಬಹುದು. ನನಗೆ ಆ ಮಾತಿನ ಹಿಂದೆ ಅಜ್ಜನ ಸುತ್ತುದಾರಿ ಕಾಣುತ್ತದೆ.

ಜೂಯಾನ್ ಕೋಟೆಯಿಂದ ಉತ್ತರಕ್ಕೆ ಮೂವತ್ತು ದಿನ ನಡೆದರು. ಅಲ್ಲಿ ಚಾನ್‌ಯು 30,000 ಸವಾರರ ಜೊತೆ ಎದುರಾದ. ಲೀ ಲಿಂಗ್ ಗಾಡಿಗಳನ್ನೇ ಕೋಟೆ ಮಾಡಿ, ಮುಂದೆ ಈಟಿ ಗುರಾಣಿ, ಹಿಂದೆ ಬಿಲ್ಲು ನಿಲ್ಲಿಸಿ ಹೊಡೆದ. ಚಾನ್‌ಯು ಹೆದರಿ ಇನ್ನಷ್ಟು ಜನರನ್ನು ಕರೆಸಿದ, 80,000 ಸವಾರರು. ಇವರು ಕಾದಾಡುತ್ತಲೇ ದಕ್ಷಿಣಕ್ಕೆ ಹಿಂದೆ ಸರಿದರು. ಮೂರು ಗಾಯ ಆದವನು ಗಾಡಿಯಲ್ಲಿ, ಎರಡು ಗಾಯ ಆದವನು ಗಾಡಿ ತಳ್ಳಬೇಕು, ಒಂದು ಗಾಯ ಆದವನು ಆಯುಧ ಹಿಡಿದು ನಿಲ್ಲಬೇಕು. ಈ ನಡುವೆ ಸೈನಿಕರ ಹುರುಪು ಇಳಿದಿದೆ, ಪಡೆಯಲ್ಲಿ ಹೆಂಗಸರಿದ್ದಾರಾ ಅಂತ ಲೀ ಲಿಂಗ್‌ಗೆ ಅನುಮಾನ ಬಂತು. ಗಾಡಿಗಳಲ್ಲಿ ಅಡಗಿದ್ದ ಹೆಂಗಸರು ಸಿಕ್ಕರು, ಗಡಿಗೆ ಗಡೀಪಾರಾದವರ ಮನೆಯವರು, ಸೈನಿಕರ ಜೊತೆ ಸಂಸಾರ ಹೂಡಿದ್ದವರು. ಅವರನ್ನೆಲ್ಲ ಕತ್ತಿಗೆ ಕೊಟ್ಟ. ಅವನ ಪರ ಮಾತಾಡುವವರು ಇದನ್ನು ಬಿಟ್ಟು ಹೇಳುವುದುಂಟು. ಬಿಡಬಾರದು. ತನ್ನ ತಾಯಿ, ಹೆಂಡತಿ ಮಾಡದ ತಪ್ಪಿಗೆ ಸತ್ತರು ಅಂತ ಮುಂದೆ ಕೇಳುವವನ ಕೈಯಲ್ಲೂ ಮಾಡದ ತಪ್ಪಿಗೆ ಸತ್ತ ಹೆಂಗಸರ ರಕ್ತ ಇದೆ.

ಕೊನೆಯ ದಿನ 5 ಲಕ್ಷ ಬಾಣ ಖಾಲಿಯಾದವು ಅಂತ ಬಾನ್ ಗೂ ಲೆಕ್ಕ ಕೊಡುತ್ತಾನೆ. 3,000ಕ್ಕೂ ಹೆಚ್ಚು ಜನ ಉಳಿದಿದ್ದರು, ಗಾಡಿ ಚಕ್ರದ ಕಡ್ಡಿಗಳನ್ನು ಕಿತ್ತು ಕೈಗೆ ಹಿಡಿದರು. ಹಾನ್ ಗಡಿ ಹತ್ತಿರದಲ್ಲೇ ಇತ್ತು. ಅಲ್ಲಿಂದ ಸಹಾಯ ಬರಲಿಲ್ಲ. ಒಬ್ಬ ಅಧಿಕಾರಿ ಹೇಳಿದ, ಸೆರೆ ಸಿಕ್ಕರೂ ಮುಂದೆ ತಪ್ಪಿಸಿಕೊಂಡು ಹೋಗಬಹುದು, ಹಿಂದೆ ಹಾಗೆ ಬಂದವರನ್ನು ಚಕ್ರವರ್ತಿ ಒಪ್ಪಿಕೊಂಡಿದ್ದಾನೆ ಅಂತ. ಲೀ ಲಿಂಗ್ ಅವನನ್ನು ತಡೆದ, ಸಾಯದಿದ್ದರೆ ನಾನು ಗಂಡಸಲ್ಲ ಅಂದ. ಧ್ವಜ ಕತ್ತರಿಸಿ, ಬೆಲೆಬಾಳುವುದನ್ನು ನೆಲದಲ್ಲಿ ಹೂತರು. ಪ್ರತಿಯೊಬ್ಬನ ಕೈಗೂ ಎರಡು ಅಳತೆ ಒಣ ಅನ್ನ, ಒಂದು ಹೋಳು ಮಂಜುಗಡ್ಡೆ ಕೊಟ್ಟು, ಚದುರಿ ಹೋಗಿ, ಗಡಿಯಲ್ಲಿ ಸೇರೋಣ ಅಂದ. ಮಂಜುಗಡ್ಡೆ ದಾರಿಯಲ್ಲಿ ನೀರಿಗೆ. ನಡುರಾತ್ರಿ ಹೊರಡಲು ನಗಾರಿ ಹೊಡೆದರೆ ಅದು ಸದ್ದೇ ಮಾಡಲಿಲ್ಲ. ಅವನ ಜೊತೆ ಹತ್ತಾರು ಸವಾರರು ಹೊರಟರು, ಸಾವಿರಾರು ಜನ ಬೆನ್ನು ಹತ್ತಿದರು. ಜೊತೆಗಾರ ಹಾನ್ ಯಾನ್‌ನಿಯಾನ್ ಸತ್ತ. ಚಕ್ರವರ್ತಿಗೆ ತೋರಿಸಲು ನನಗೆ ಮುಖವಿಲ್ಲ ಅಂದು ಲೀ ಲಿಂಗ್ ಶರಣಾದ. ಗಡಿ ಮುಟ್ಟಿದವರು 400ಕ್ಕೂ ಸ್ವಲ್ಪ ಹೆಚ್ಚು.

ಸಾಯುತ್ತೇನೆ ಅಂದವನು ಯಾಕೆ ಸಾಯಲಿಲ್ಲ? ಬಲೆಯಲ್ಲಿ ಮಲಗಿ ಸತ್ತಂತೆ ನಟಿಸಿ ಮನೆಗೆ ಬಂದ ಅಜ್ಜನ ಕಥೆ ಅವನು ಚಿಕ್ಕಂದಿನಿಂದ ಕೇಳಿರಲೇಬೇಕು. ಆ ಅಧಿಕಾರಿಯ ಮಾತು ಕಿವಿಯಲ್ಲೇ ಇತ್ತು. ಕೊನೆಯ ಗಳಿಗೆಯಲ್ಲಿ ಬದುಕಿದ್ದರೆ ಏನಾದರೂ ಮಾಡಬಹುದು ಅನ್ನಿಸಿರಬೇಕು ಅಂತ ನಾನು ನಂಬುತ್ತೇನೆ. ಸೀಮಾ ಚಿಯಾನ್ ನಂಬಿದ್ದೂ ಅದನ್ನೇ.

ಚಾಂಗಾನ್‌ನಲ್ಲಿ

ಸೀಮಾ ಚಿಯಾನ್ ಮತ್ತು ಲೀ ಲಿಂಗ್ ಆಪ್ತರೇನಲ್ಲ. ಒಟ್ಟಿಗೆ ಕೂತು ಒಂದು ಬಟ್ಟಲು ಮದ್ಯ ಕುಡಿದವರೂ ಅಲ್ಲ. ಗೆಲ್ಲುತ್ತಿದ್ದಾನೆ ಅನ್ನುವಾಗ ಬಟ್ಟಲು ಎತ್ತಿ ಹೊಗಳಿದ ಮಂತ್ರಿಗಳೇ ಈಗ ಅವನ ಮೇಲೆ ತಪ್ಪು ಹೊರಿಸುವುದನ್ನು ನೋಡಲಾಗದೆ ಮಾತಾಡಿದ. ಇಷ್ಟು ಜನರಿಂದ ಇಷ್ಟು ದೊಡ್ಡ ಸೈನ್ಯವನ್ನು ತಡೆದವನು ಬದುಕಿದ್ದರೆ, ಮುಂದೆ ಹಾನ್‌ಗೆ ಋಣ ತೀರಿಸಲೆಂದೇ ಬದುಕಿದ್ದಾನೆ ಅಂದ. ಅದು ಲೀ ಗ್ವಾಂಗ್‌ಲಿಯನ್ನು ಚುಚ್ಚಲು ಆಡಿದ ಮಾತು ಅಂತ ಚಕ್ರವರ್ತಿಗೆ ಅನ್ನಿಸಿತು. ಶಿಕ್ಷೆಯಿಂದ ಬಿಡಿಸಿಕೊಳ್ಳಲು ಸೀಮಾ ಚಿಯಾನ್ ಹತ್ತಿರ ಹಣವಿರಲಿಲ್ಲ, ಗೆಳೆಯರು ಯಾರೂ ಬಾಯಿ ತೆರೆಯಲಿಲ್ಲ. ಅವನ ಪುರುಷತ್ವ ಕತ್ತರಿಸಿದರು. ಲೀ ಗ್ವಾಂಗ್‌ನ ಬದುಕು ನಮಗೆ ಇಷ್ಟು ಹತ್ತಿರದಿಂದ ಕಾಣುವುದು ಆ ಗಾಯ ಹೊತ್ತೂ ಬರೆಯುವುದನ್ನು ಬಿಡದ ಆ ಮನುಷ್ಯನಿಂದ.

ಸ್ವಲ್ಪ ಕಾಲದ ಮೇಲೆ ಚಕ್ರವರ್ತಿಗೆ ಪಶ್ಚಾತ್ತಾಪವೂ ಆಯಿತು. ಲೀ ಲಿಂಗ್‌ನನ್ನು ಕರೆತರಲು ಸೈನ್ಯ ಕಳಿಸಿದ. ಹೋದ ದಳಪತಿ ಬರಿಗೈಲಿ ಬಂದು, ಲೀ ಲಿಂಗ್ ಶಿಯೋಂಗ್‌ನುಗಳಿಗೆ ಯುದ್ಧ ಕಲಿಸುತ್ತಿದ್ದಾನಂತೆ, ಸೆರೆಯಾಳು ಹೇಳಿದ ಅಂದ. ಅಷ್ಟು ಸಾಕಾಯಿತು. ತಾಯಿ, ಹೆಂಡತಿ, ಮಕ್ಕಳು, ಎಲ್ಲರನ್ನೂ ಕೊಂದರು. ಕ್ರಿ.ಪೂ. 97.

ಯುದ್ಧ ಕಲಿಸುತ್ತಿದ್ದವನು ಲೀ ಷೂ. ಬೇರೆ ಲೀ. ಮುಂದೆ ಹಾನ್ ದೂತ ಬಂದಾಗ ಲೀ ಲಿಂಗ್ ಕೇಳಿದ, 5,000 ಕಾಲಾಳು ಕಟ್ಟಿಕೊಂಡು ಹಾನ್‌ಗಾಗಿ ಹೋದೆ, ಸಹಾಯ ಬರದೆ ಸೋತೆ, ನನ್ನ ಮನೆಯವರನ್ನು ಕೊಲ್ಲುವಂಥದ್ದು ಏನು ಮಾಡಿದ್ದೆ ಅಂತ. ದೂತ ಕಾರಣ ಹೇಳಿದ. ಅದು ಲೀ ಷೂ, ನಾನಲ್ಲ ಅಂದ ಇವನು. ಆಮೇಲೆ ಲೀ ಷೂನನ್ನು ಕೊಲ್ಲಿಸಿದ. ಅದಾದ ಮೇಲೆ ಚಾನ್‌ಯು ತನ್ನ ಮಗಳನ್ನು ಕೊಟ್ಟು, ಅರಸು ಪದವಿಯನ್ನೂ ಕೊಟ್ಟ.

ಸು ವು ಎದುರಿಗೆ

ಉತ್ತರದ ಸಮುದ್ರ, ಅಂದರೆ ಇವತ್ತಿನ ಬೈಕಲ್ ಸರೋವರದ ದಡದಲ್ಲಿ ಸು ವು ಅನ್ನುವ ಹಾನ್ ದೂತ ಸೆರೆಯಲ್ಲಿದ್ದ. ಟಗರು ಹಾಲು ಕೊಟ್ಟ ದಿನ ನಿನಗೆ ಬಿಡುಗಡೆ ಅಂದಿದ್ದರು. ಇಲಿಗಳು ಕೂಡಿಟ್ಟ ಹುಲ್ಲುಬೀಜ ಅಗೆದು ತಿಂದು ಬದುಕಿದ್ದ. ಕೈಯಲ್ಲಿ ಹಾನ್ ಕೊಟ್ಟ ದಂಡ, ಅದರ ಕುಚ್ಚೆಲ್ಲ ಉದುರಿಹೋಗಿತ್ತು. ಹಳೆಯ ಗೆಳೆಯ ಅಂತ ಲೀ ಲಿಂಗ್‌ನನ್ನು ಅವನ ಮನಸ್ಸು ತಿರುಗಿಸಲು ಕಳಿಸಿದರು.

ಮದ್ಯ ಇಟ್ಟುಕೊಂಡು ಕೂತರು. ಲೀ ಲಿಂಗ್ ಊರಿನ ಸುದ್ದಿ ಹೇಳಿದ. ನಿನ್ನ ಅಣ್ಣ ಚಕ್ರವರ್ತಿಯ ರಥದ ಮೂಕಿ ಮುರಿದದ್ದಕ್ಕೆ ಆತ್ಮಹತ್ಯೆ ಮಾಡಿಕೊಂಡ. ತಮ್ಮ ವಿಷ ಕುಡಿದ. ನಿನ್ನ ತಾಯಿ ತೀರಿಕೊಂಡರು, ನಾನೇ ಶವದ ಜೊತೆ ಯಾಂಗ್‌ಲಿಂಗ್‌ವರೆಗೆ ಹೋಗಿದ್ದೆ. ಹೆಂಡತಿ ಬೇರೆ ಮದುವೆ ಆದಳಂತೆ. ಮನುಷ್ಯನ ಬಾಳು ಬೆಳಗಿನ ಇಬ್ಬನಿ, ಯಾಕೆ ಹೀಗೆ ಒದ್ದಾಡುತ್ತೀಯ? ಹೇಳುತ್ತಾ ಹೇಳುತ್ತಾ ತನ್ನ ಮಾತಿಗೆ ಬಂದ. ಶರಣಾದ ಹೊಸತರಲ್ಲಿ ಹುಚ್ಚು ಹಿಡಿದ ಹಾಗಿತ್ತು, ಹಾನ್‌ಗೆ ಮಾಡಿದ ಮೋಸ ಒಂದು ಕಡೆ, ಮುದಿ ತಾಯಿ ಸೆರೆಮನೆಯಲ್ಲಿ ಇದ್ದದ್ದು ಇನ್ನೊಂದು ಕಡೆ ಅಂದ.

ಸು ವು ಅಲುಗಲಿಲ್ಲ. ಒಡೆಯನಿಗಾಗಿ ಸಾಯುವುದು ಅಪ್ಪನಿಗಾಗಿ ಮಗ ಸಾಯುವ ಹಾಗೆ, ಅದರಲ್ಲಿ ನೋವಿಲ್ಲ ಅಂದ. ಲೀ ಲಿಂಗ್ ಅತ್ತು, ನನ್ನ ಪಾಪ ಆಕಾಶ ಮುಟ್ಟಿದೆ ಅಂದು ಎದ್ದು ಹೋದ. ಆಮೇಲೆ ತಾನು ಕೊಡಲು ನಾಚಿ, ಹೆಂಡತಿಯ ಕೈಲಿ ಸು ವುಗೆ ಹತ್ತಾರು ದನ, ಕುರಿ ಕೊಡಿಸಿದ.

ಸು ವು ದೊಡ್ಡವನು, ನನಗೆ ಅನುಮಾನವಿಲ್ಲ. ಆದರೆ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಸು ವು ತಾಯಿ ತನ್ನ ಕಾಲ ಬಂದಾಗ ತೀರಿಕೊಂಡಳು, ಮಗ ಇಲ್ಲದಿದ್ದರೂ ಮಗನ ಗೆಳೆಯ ಅವಳ ಶವದ ಹಿಂದೆ ನಡೆದ. ಲೀ ಲಿಂಗ್‌ನ ತಾಯಿಯ ಶವದ ಹಿಂದೆ ನಡೆಯಲು ಯಾರಿದ್ದರು?

ಕ್ರಿ.ಪೂ. 81ರಲ್ಲಿ, 19 ವರ್ಷದ ಮೇಲೆ ಸು ವು ಊರಿಗೆ ಹೊರಟ. ಬೀಳ್ಕೊಡುಗೆಯ ಊಟದಲ್ಲಿ ಲೀ ಲಿಂಗ್ ಎದ್ದು ಕುಣಿದು ಹಾಡಿದ. ಮರಳುಗಾಡು ದಾಟಿದ್ದು, ದಾರಿ ಮುಚ್ಚಿದ್ದು, ಬಾಣ ಕತ್ತಿ ಮುರಿದದ್ದು, ಹೆಸರು ಕೆಟ್ಟದ್ದು ಎಲ್ಲ ಆ ಹಾಡಿನಲ್ಲಿ ಬರುತ್ತದೆ. ಕೊನೆಗೆ, ತಾಯಿ ಸತ್ತುಹೋದಳು, ಋಣ ತೀರಿಸುವ ಮನಸ್ಸಿದ್ದರೂ ಎಲ್ಲಿಗೆ ವಾಪಸ್ ಹೋಗಲಿ ಅಂತ.

ಕರೆ ಅವನಿಗೂ ಬಂದಿತ್ತು. ಚಕ್ರವರ್ತಿ ವು ಕ್ರಿ.ಪೂ. 87ರಲ್ಲಿ ತೀರಿಕೊಂಡ. ಈಗ ಅಧಿಕಾರ ಹುವೋ ಗ್ವಾಂಗ್ ಕೈಯಲ್ಲಿ, ಲೀ ಲಿಂಗ್‌ನ ಹಳೆಯ ಗೆಳೆಯ. ಚಿಕ್ಕಪ್ಪನನ್ನು ಬಾಣ ಹೊಡೆದು ಕೊಂದ ಹುವೋ ಚೂಬಿಂಗ್‌ನ ಮಲತಮ್ಮನೂ ಅವನೇ. ಅವನು ಕಳಿಸಿದ ರೆನ್ ಲೀಝೆಂಗ್ ಚಾನ್‌ಯುವಿನ ಔತಣದಲ್ಲಿ ಬಾಯಿಬಿಟ್ಟು ಹೇಳಲಾಗದೆ, ಲೀ ಲಿಂಗ್ ಕಡೆ ನೋಡುತ್ತಾ ತನ್ನ ಕತ್ತಿಯ ಹಿಡಿಯ ಬಳೆಯನ್ನು ಮತ್ತೆ ಮತ್ತೆ ಮುಟ್ಟಿದ, ತನ್ನ ಪಾದ ಹಿಡಿದು ತೋರಿಸಿದ. ವಾಪಸ್ ಬಾ ಅನ್ನುವ ಸನ್ನೆ. ಆಮೇಲೆ ಇನ್ನೊಮ್ಮೆ ಸೇರಿದಾಗ, ಹಾನ್‌ನಲ್ಲಿ ಕ್ಷಮೆ ಸಾರಿದ್ದಾರೆ ಅಂತ ಜೋರಾಗಿಯೇ ಹೇಳಿದ. ಲೀ ಲಿಂಗ್ ಸುಮ್ನೆ ಅವನನ್ನೇ ನೋಡಿದ. ಶಿಯೋಂಗ್‌ನುಗಳ ಹಾಗೆ ಕಟ್ಟಿದ ತನ್ನ ಕೂದಲನ್ನು ಕೈಯಲ್ಲಿ ಮುಟ್ಟಿ, ನಾನಾಗಲೇ ಇವರ ಬಟ್ಟೆ ಉಟ್ಟಾಗಿದೆ ಅಂದ. ರೆನ್ ಬಿಡಲಿಲ್ಲ. ವಾಪಸ್ ಹೋಗುವುದು ಸುಲಭ, ಆದರೆ ಮತ್ತೆ ಅವಮಾನವಾದರೆ ಏನು ಮಾಡಲಿ, ಗಂಡಸು ಎರಡು ಸಲ ಅವಮಾನ ತಡೆಯಲಾರ ಅಂದುಬಿಟ್ಟ ಲೀ ಲಿಂಗ್.

ಗುಮಾಸ್ತರ ಮುಂದೆ ನಿಲ್ಲಲಾರೆ ಅಂದ ಅಜ್ಜನ ಮಾತೇ ಅದು, ಅಲ್ವಾ? ಅಜ್ಜ ಸತ್ತು ಆ ಮಾತು ಉಳಿಸಿಕೊಂಡ, ಇವನು ಬದುಕಿ ಉಳಿಸಿಕೊಂಡ. ಕ್ರಿ.ಪೂ. 74ರಲ್ಲಿ ಕಾಯಿಲೆ ಬಿದ್ದು ಅಲ್ಲೇ ತೀರಿಕೊಂಡ. ಅವನು ಹೋಗದೆ ಇದ್ದದ್ದು ಸರಿ ಅಂತ ನಾನು ಹೇಳುತ್ತೇನೆ. ಕ್ಷಮೆ ಸಾರಿದವರು ಇವನ ತಪ್ಪನ್ನು ಕ್ಷಮಿಸಲು ಸಿದ್ಧರಿದ್ದರು. ತಮ್ಮ ತಪ್ಪಿನ ಬಗ್ಗೆ, ಬೇರೆ ಯಾರದೋ ಹೆಸರಿಗೆ ಬಲಿಯಾದ ಆ ಮುದುಕಿಯ ಬಗ್ಗೆ ಆ ದೂತ ಒಂದು ಮಾತು ಆಡಿದ್ದು ಎಲ್ಲೂ ದಾಖಲಾಗಿಲ್ಲ.

ಲೀ ಲಿಂಗ್ ಶರಣಾದ ಮೇಲೆ ಲೋಂಗ್‌ಶಿಯಲ್ಲಿ ಆ ಮನೆಯ ಆಶ್ರಯದಲ್ಲಿದ್ದವರೆಲ್ಲ ಹಾಗೆ ಹೇಳಿಕೊಳ್ಳಲು ನಾಚಿದರಂತೆ. ಏಳು ನೂರು ವರ್ಷದ ಮೇಲೆ, ಕ್ರಿ.ಶ. 618ರಲ್ಲಿ ಪಟ್ಟಕ್ಕೆ ಬಂದ ಟಾಂಗ್ ಚಕ್ರವರ್ತಿಗಳು ನಾವು ಲೋಂಗ್‌ಶಿಯ ಲೀಗಳು, ಲೀ ಗ್ವಾಂಗ್ ನಮ್ಮ ಪೂರ್ವಿಕ ಅಂತ ಸಾರಿದರು. ವಂಶಾವಳಿಯಲ್ಲಿ ಅವರು ಹಿಡಿದದ್ದು ಲೀ ಗಾನ್‌ನ ಕವಲನ್ನು, ಜಿಂಕೆ ಹಾಯ್ದು ಸತ್ತ ಅಂತ ಹೇಳಿಸಿದವನ ಕವಲು. ಲೀ ಲಿಂಗ್‌ನ ತಾಯಿಯ ಕವಲಿನಲ್ಲಿ ಚಾಂಗಾನ್‌ನಲ್ಲಿ ಹಿಡಿಯಲು ಯಾರೂ ಉಳಿದಿರಲಿಲ್ಲ. ಆದರೆ ದೂರದ ಉತ್ತರದಿಂದ ಕಿರ್ಗಿಜ್ ಜನರ ದೂತರು ಟಾಂಗ್ ಆಸ್ಥಾನಕ್ಕೆ ಬಂದರು. ಅವರಲ್ಲಿ ಕಪ್ಪು ಕೂದಲಿನವರು ಲೀ ಲಿಂಗ್‌ನ ಸಂತಾನ ಅಂತ ಹೇಳುತ್ತಿದ್ದರು. ನಿಮ್ಮದೂ ನಮ್ಮದೂ ಒಂದೇ ಕುಲ, ಬೇರೆ ನಾಡಿನವರ ಹಾಗಲ್ಲ ನೀವು ಅಂತ ಚಕ್ರವರ್ತಿ ಝೋಂಗ್‌ಝೋಂಗ್ ಅವರಿಗೆ ಹೇಳಿದ.